ಅತ್ತೆ ಆರ್‌ವಿ ಹತ್ತಿದ ಚಳಿಗಾಲ

ಆ ದಿನ ಬೆಳಗ್ಗೆಯೂ ಎಂದಿನ ಹಾಗೆ ಕತ್ತಲಿರುವಾಗಲೇ ಎದ್ದೆ. ತಲೆಗೆ ನೀರು ಹಾಕಿಕೊಂಡು, ಹಲ್ಲು ಕಟಕಟ ಎನ್ನುತ್ತಿದ್ದರೂ ಹೋಗಿ ಗರಾಜಿನ ಬಾಗಿಲು ತೆರೆದೆ. ಕಾರಿನ ಮೇಲುಗಡೆ ಈ ಗೋಡೆಯಿಂದ ಆ ಗೋಡೆಗೆ ಬಿಗಿದ ಹಗ್ಗದ ಮೇಲೆ ಎರಡು ಸೀರೆಗಳು ಒಣಗಿದ್ದವು. ಒಂದು ನನ್ನದು, ಇನ್ನೊಂದು ಅತ್ತೆಯವರ ಹದಿನಾರು ಮೊಳದ ಹತ್ತಿ ಸೀರೆ. ಕರ್ಟನ್ ಹಾಕಲೆಂದು ತಂದು ಬೇರೆಯೇ ಕೆಲಸಕ್ಕೆ ಹಚ್ಚಿದ್ದ ಉದ್ದನೆಯ ಕೋಲಿನ ತುದಿಯಿಂದ ನನ್ನದನ್ನು ಎತ್ತಿಕೊಂಡೆ, ಅತ್ತೆಯವರದನ್ನು ಅಲ್ಲೇ ಬಿಟ್ಟೆ. ಆ ಚಳಿಗಾಲವೆಲ್ಲ ಹಗ್ಗದ ಆ ಅರ್ಧ ಖಾಲಿಯಾಗಿತ್ತು. ಹಿಂದಿನ ಸಂಜೆ ಸೀರೆಯನ್ನು ಬಾತ್‌ಟಬ್ಬಿನಲ್ಲಿ ಜಾಲಿಸಿ, ಹಿಂಡಿ, ಕೋಲಿನಿಂದ ಮತ್ತೆ ಅಲ್ಲಿ ಹರವಿದ್ದೆ.

ಮಡಿ ಉಟ್ಟು ಅಡುಗೆಮನೆಗೆ ಬಂದರೆ ಅಲ್ಲಿಂದ ಮುಂದೆ ನಾನು ಯಾರಿಗೂ ಸೇರಿದವಳಲ್ಲ. ಟೆಕ್ಸಸ್ಸಿನ ಜಾರ್ಜ್‌ಟೌನಿನ ನಮ್ಮ ಮನೆಯಲ್ಲಿ ಕಾರ್ಪೆಟ್ ಮುಗಿದು ಟೈಲ್ಸ್ ಶುರುವಾಗುವ ಗೆರೆಯೇ ಮಡಿಯ ಗಡಿ. ಮೂರನೆಯ ಕ್ಲಾಸಿನ ನಮ್ಮ ಮೇಘ ಎದ್ದು ಕಣ್ಣುಜ್ಜುತ್ತ ಬಂದವಳು ಅಭ್ಯಾಸಬಲದಿಂದ ಗೆರೆಯ ಆಚೆಯೇ ನಿಂತಳು.

"ಅಮ್ಮಾ, ಈಸ್ ಅಜ್ಜಿ ಕಮಿಂಗ್ ಇನ್ ದ ಬಿಗ್ ಬಸ್?"

"ಹೂಂ. ಮಧ್ಯಾಹ್ನಕ್ಕೆ ಬರ್ತಾರೆ."

"ಫಾರ್ ಎವರ್?"

ನಾನು ಬೂದುಗುಂಬಳಕಾಯಿ ಹೆಚ್ಚುತ್ತಿದ್ದೆ. ಹೋಳುಗಳು ಸಮವಾಗಿ ಬರಲಿಲ್ಲ. "ಹಲ್ಲುಜ್ಜು ಹೋಗು" ಎಂದೆ.

ಮೇಘ ಕೇಳಿದ ಪ್ರಶ್ನೆಯೇ ಎರಡು ದಿನಗಳಿಂದ ನನ್ನನ್ನು ಕೊರೆಯುತ್ತಿತ್ತು. ಹ್ಯೂಸ್ಟನ್ನಿನಿಂದ ಶ್ರೀಪತಿ ಭಾವ ಫೋನ್ ಮಾಡಿದ್ದರು. ನನ್ನ ಗಂಡ ಮುರಳಿಯವರ ಅಣ್ಣ ಅವರು. "ಸುಮಾ, ಅಮ್ಮನ್ನ ಇನ್ನು ನಮ್ಮ ಹತ್ತಿರಾನೇ ಇಟ್ಕೊಳ್ಳೋಣ ಅಂತ ಪ್ರಮೀಳಾ, ನಾನು ಯೋಚನೆ ಮಾಡಿದೀವಿ. ಬರ್ತೀವಲ್ಲ, ಕೂತು ಮಾತಾಡೋಣ" ಎಂದಿದ್ದರು. ನಾನು "ಆಗಲಿ ಭಾವ, ಹುಷಾರಾಗಿ ಡ್ರೈವ್ ಮಾಡ್ಕೊಂಡು ಬನ್ನಿ" ಎಂದು ಫೋನಿಟ್ಟು, ಆಮೇಲೆ ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಿದ್ದೆ.

ಇದೆಲ್ಲ ನಡೆದದ್ದು ಹೊಸ ಶತಮಾನ ಬಂದು ಒಂದೆರಡು ವರ್ಷಗಳಾಗಿದ್ದಾಗ. ಈಗಲೂ ಕನ್ನಡ ಸಂಘದ ಪಿಕ್‌ನಿಕ್ಕಿನಲ್ಲಿ ಯಾರಾದರೂ ಪ್ರೊಪೇನ್ ಸ್ಟೋವ್ ಹಚ್ಚಿ ಇಂಗಿನ ಒಗ್ಗರಣೆ ಹಾಕಿದರೆ, ಗ್ಯಾಸು ಇಂಗು ಬೆರೆತ ಆ ವಾಸನೆಗೆ ಮಿಕ್ಕವರ ಬಾಯಲ್ಲಿ ನೀರೂರುತ್ತದೆ, ನಾನು ಮಾತ್ರ ಎದ್ದು ದೂರದ ಬೆಂಚಿಗೆ ಹೋಗಿ ಕೂರುತ್ತೇನೆ. ಅದು ಭಾವನ ಮನೆಬಸ್ಸಿನ, ಆ ಆರ್‌ವಿಯ ವಾಸನೆ.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ನನ್ನನ್ನು ನೋಡಲು ಬಂದ ದಿನ ಅತ್ತೆ ಕಾಫಿ ಲೋಟವನ್ನು ಕೆಳಗಿಟ್ಟು, "ಹುಡುಗಿ ಲಕ್ಷಣವಾಗಿದಾಳೆ. ಆದರೆ ಕಾನ್ವೆಂಟು. ಮಡಿಗಿಡಿ ಎಲ್ಲ ಗೊತ್ತಿದೆಯೋ ಇಲ್ಲವೋ" ಎಂದು ಮಾವನವರ ಕಿವಿಯಲ್ಲಿ ಹೇಳಿದ್ದು ಪರದೆಯ ಹಿಂದಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆ ಒಂದು ಮಾತಿಗೆ ಉತ್ತರ ಕೊಡುವುದರಲ್ಲೇ ನನ್ನ ಸಂಸಾರ ಸಾಗಿತು ಎಂದರೂ ತಪ್ಪಿಲ್ಲ. ಮಾವನವರು ಹೋದ ಮೇಲೆ ಅತ್ತೆ ನಮ್ಮೊಡನೆ ಟೆಕ್ಸಸ್ಸಿಗೆ ಬಂದರು. ಹಿರಿಯ ಮಗ ಇದ್ದದ್ದು ಹ್ಯೂಸ್ಟನ್ನಿನ ಪಕ್ಕದ ದ ವುಡ್‌ಲ್ಯಾಂಡ್ಸ್‌ನಲ್ಲಿ, ನಮ್ಮದಕ್ಕಿಂತ ದೊಡ್ಡ ಮನೆಯಲ್ಲಿ. ಆದರೆ ಅವರ ಹೆಂಡತಿ ಪ್ರಮೀಳಾ ಅಕ್ಕ ಆಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು, ಮನೆಯಲ್ಲಿ ಹಗಲೆಲ್ಲ ಯಾರೂ ಇರುತ್ತಿರಲಿಲ್ಲ. "ಸುಮಾ ಮನೇಲೇ ಇರ್ತಾಳಲ್ಲ" ಎಂದು ಎಲ್ಲರೂ ಒಂದೇ ಉಸಿರಿನಲ್ಲಿ ಅಂದರು. ಆ ಮಾತಿನಲ್ಲಿ ಎಷ್ಟು ಮೆಚ್ಚುಗೆ ಎಷ್ಟು ತಾತ್ಸಾರ ಎಂದು ನಾನು ತೂಗಲು ಹೋಗಲಿಲ್ಲ. ಹಗ್ಗ ಕಟ್ಟಿದೆ.

ಗರಾಜಿನಲ್ಲಿ ಕಾರಿನ ವಾಸನೆ ಬಂದರೂ ಪರವಾಗಿಲ್ಲ, ಡ್ರೈಯರ್ ಮಾತ್ರ ಆಗದು ಎಂಬುದು ಅತ್ತೆಯ ತೀರ್ಪು. ಅದರಲ್ಲಿ ಮನೆಮಂದಿಯ ಕಾಲುಚೀಲವೆಲ್ಲ ತಿರುಗಿರುತ್ತದಲ್ಲ. ಸ್ಟೋವಿನ ಹಿಂದಿನ ಎಡಗಡೆಯ ಒಲೆ ಅವರದು. ಅವರ ಕೊಳದಪ್ಪಲೆ, ಸೌಟು, ನೀರಿನ ಚೊಂಬು ಬೇರೆ. ಈರುಳ್ಳಿ ನಮ್ಮ ಮನೆಯಲ್ಲಿ ಗರಾಜಿನ ಫ್ರಿಜ್ಜಿನಲ್ಲಿ ವಾಸ. ನಮ್ಮಿಂದ ಎರಡು ಮನೆ ಆಚೆಯ ಹುಬ್ಬಳ್ಳಿಯ ಗಿರಿಜಾ, "ಕಾನ್ವೆಂಟಿನ್ಯಾಗ ನಿಮಗ ಇದ್ನೂ ಕಲಿಸಿದ್ರೇನ್ರಿ?" ಎಂದು ಚುಡಾಯಿಸುತ್ತಿದ್ದಳು. ನಾನು ನಗುತ್ತಿದ್ದೆ. ಒಳಗೊಳಗೇ ಹೆಮ್ಮೆ. ಬೇರೆ ಯಾವ ಸೊಸೆ ಮಾಡಿದಾಳು?

ಆ ವರ್ಷ ಭಾವ ರಿಟೈರ್ ಆದರು. ಅಕ್ಕನೂ ಕೆಲಸ ಬಿಟ್ಟರು. ದೊಡ್ಡ ಮನೆ ಮಾರಿ ಆರ್‌ವಿ ಕೊಂಡರು. ಮಂಚ, ಒಲೆ, ಸಿಂಕು, ಬಚ್ಚಲು ಎಲ್ಲವನ್ನೂ ಒಂದು ಬಸ್ಸಿನೊಳಗೆ ಕೂರಿಸಿ, ಮನೆಯನ್ನೇ ಊರೂರಿಗೆ ಓಡಿಸಿಕೊಂಡು ಹೋಗುವುದು. ಮಗಳು ಅರ್ಚನಾ ಡಾಲಸ್ ಕಡೆಯ ಯೂಲೆಸ್‌ನಲ್ಲಿ, ಮಗ ಹ್ಯೂಸ್ಟನ್ನಿನಲ್ಲಿ, ನಾವು ಆಸ್ಟಿನ್ ಮಗ್ಗುಲಲ್ಲಿ. "ಮೂರು ಮನೆಯ ಮುಂದೂ ನಿಲ್ಲಿಸ್ತೀವಿ, ಮೂರು ಮನೆಯಲ್ಲೂ ಊಟ ಮಾಡ್ತೀವಿ, ಮಲಗೋದು ಮಾತ್ರ ನಮ್ಮ ಮನೇಲೇ" ಎಂದು ಭಾವ ಜೋಕು ಮಾಡುತ್ತಿದ್ದರು.

ಡಿಸೆಂಬರಿನ ಒಂದು ಬಿಸಿಲಿನ ದಿನ ಅದು ನಮ್ಮ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಿತು. ಪೀಕಾನ್ ಮರದ ಕೊಂಬೆ ಅದರ ನೆತ್ತಿ ಸವರಿ ಕಾಯಿಗಳು ಟಪಟಪ ಉದುರಿದವು. ಬಾಗಿಲಲ್ಲಿ ಮಾವಿನೆಲೆಯ ಪ್ಲಾಸ್ಟಿಕ್ ತೋರಣ. ಮುಂದಿನ ಕಿಟಕಿಯ ಬಳಿ ತುಳಸಿಯ ಕುಂಡ, ಅದಕ್ಕೆ ಸೀಟ್ ಬೆಲ್ಟ್ ಬಿಗಿದಿತ್ತು. ಪ್ರಮೀಳಾ ಅಕ್ಕ ಜೀನ್ಸ್ ಪ್ಯಾಂಟು, ದೊಡ್ಡ ಕುಂಕುಮದಲ್ಲಿ ಇಳಿದು ನನ್ನನ್ನು ಅಪ್ಪಿಕೊಂಡರು.

"ಬಾರೇ ಒಳಗೆ, ನನ್ನ ಅರಮನೆ ನೋಡು. ಧೂಳು ಹೊಡೆಯೋಕೆ ಹತ್ತು ನಿಮಿಷ ಸಾಕು ಕಣೆ!"

ನೋಡಿದೆ. ಎಲ್ಲವೂ ಪುಟ್ಟದು, ಚೊಕ್ಕಟವಾದದ್ದು, ಗೊಂಬೆಯಾಟದ ಹಾಗೆ. ಮಸಾಲೆ ಡಬ್ಬಗಳಿಗೆ ಮ್ಯಾಗ್ನೆಟ್ ಅಂಟಿಸಿ ಗೋಡೆಗೆ ಕಚ್ಚಿಸಿದ್ದರು. ಕುಕ್ಕರಿಗೊಂದು ಪಟ್ಟಿ. ಗಂಡ ಹೆಂಡತಿಯ ಕಾಫಿ ಲೋಟಗಳು ಒಂದೇ ಕೊಕ್ಕೆಗೆ ತೂಗಿಬಿದ್ದು ಒಂದನ್ನೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಆ ಸದ್ದು ಕೇಳಿ ನನಗೇಕೋ ಮುರಳಿಯವರ ಪೇಜರ್ ನೆನಪಾಯಿತು. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಕಿಣಿಕಿಣಿ ಎನ್ನುತ್ತಿದ್ದದ್ದು ಅದೊಂದೇ. ಆಮೇಲೆ ಗಮನಿಸಿದೆ: ಒಲೆಗೂ ಕಕ್ಕಸಿಗೂ ನಡುವೆ ಒಂದು ತೆಳ್ಳನೆಯ ಬಾಗಿಲು. ಸಾರು ಕಲಕುತ್ತಲೇ ಕೈಚಾಚಿ ಅದರ ಚಿಲಕ ಹಾಕಬಹುದು. ಮನಸ್ಸಿಗೆ ಸಣ್ಣ ಸಮಾಧಾನವಾಯಿತು. ಅತ್ತೆ ಇದರೊಳಗೆ ಒಂದು ಲೋಟ ನೀರು ಕೂಡ ಮುಟ್ಟುವುದಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಭಾವ ಅತ್ತೆಯ ಕೈಹಿಡಿದು ಮೆಟ್ಟಿಲ ಮೇಲೆ ಹತ್ತಿಸುತ್ತಿದ್ದರು. "ಟಿಕೆಟ್! ಟಿಕೆಟ್! ಅಜ್ಜಿ, ಎಲ್ಲಿಗೆ?"

"ನಿಮ್ಮಪ್ಪನ ಮನೆಗೆ ಕಣೋ, ಸರಿ ಕೂರಿಸು" ಎಂದು ಅತ್ತೆ ನಗುತ್ತ ಕಿಟಕಿ ಪಕ್ಕದ ಸೀಟಿನಲ್ಲಿ, ತುಳಸಿಯ ಎದುರು ಕೂತರು. ಕೂತು ಒಂದು ಸಲ ಪುಟಿದು ನೋಡಿದರು, ಚಿಕ್ಕ ಹುಡುಗಿಯ ಹಾಗೆ.

ಎರಡು ದಿನಕ್ಕಿಂತ ಹೆಚ್ಚು ಅಂಥ ವಾಹನ ನಿಲ್ಲಿಸುವ ಹಾಗಿಲ್ಲ ಎಂಬುದು ನಮ್ಮ ಬಡಾವಣೆಯ ನಿಯಮ. ಹೊರಡುವ ಬೆಳಗ್ಗೆ ಅಕ್ಕ, "ಅಮ್ಮನೂ ಬರಲಿ. ಕ್ರಿಸ್‌ಮಸ್ ರಜಕ್ಕೆ ಯೂಲೆಸ್, ಸಂಕ್ರಾಂತಿಗೆ ಹ್ಯೂಸ್ಟನ್, ಆಮೇಲೆ ದಕ್ಷಿಣದಲ್ಲಿ ಸಮುದ್ರದ ಹತ್ತಿರ ಬಿಸಿಲು. ಫೆಬ್ರವರಿಗೆ ವಾಪಸ್ ತಂದು ಬಿಡ್ತೀವಿ" ಎಂದರು.

ಅತ್ತೆ ನನ್ನ ಮುಖ ನೋಡಿದರು. "ಏನೇ ಸುಮಾ, ಹೋಗಿಬರಲಾ?"

ನಮ್ಮ ಕಾನ್ವೆಂಟಿನಲ್ಲಿ ತಟ್ಟೆಯಲ್ಲಿ ಉಳಿದ ಕೊನೆಯ ಬಿಸ್ಕತ್ತಿಗೆ ಕೈಚಾಚುವುದು ದೊಡ್ಡ ಅಸಭ್ಯತನ. ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಅಸೂಯೆ ಎಂದು ಬರೆದು, ಅದರ ಸುತ್ತ ಹಸಿರು ಚಾಕ್‌ಪೀಸಿನಿಂದ ಹಾವು ಬಿಡಿಸುತ್ತಿದ್ದರು. ನನ್ನ ಬಾಯಿಂದ "ಹೋಗಿಬನ್ನಿ ಅತ್ತೆ, ನಿಮ್ಮಿಷ್ಟ" ಎಂಬ ಮಾತೇ ಬಂತು. ಅತ್ತೆ ಇನ್ನೂ ಏನೋ ಬರಲಿದೆ ಎಂಬಂತೆ ಒಂದು ಗಳಿಗೆ ಕಾದು, "ಸರಿ ಹಾಗಾದ್ರೆ" ಎಂದರು. ಅವರ ಮಡಿ ಸೀರೆ, ಚೊಂಬು, ಪಂಚಪಾತ್ರೆ ಎಲ್ಲ ಹೊಸ ಬ್ಯಾಗಿನಲ್ಲಿ ಜೋಡಿಸಿದೆ. ಅಕ್ಕನಿಗೆ ಮಡಿಯ ಕ್ರಮವೆಲ್ಲ ಬಿಡಿಸಿ ಹೇಳಿದೆ. ಅಕ್ಕ ತುಂಬ ವಿನಯದಿಂದ ಕೇಳಿಸಿಕೊಂಡು, "ನೀನು ಯೋಚನೆ ಮಾಡ್ಬೇಡ" ಎಂದರು. ಆರ್‌ವಿ ತಿರುವು ದಾಟುವವರೆಗೆ ಅತ್ತೆ ಕೈಬೀಸುತ್ತಲೇ ಇದ್ದರು. ತುಳಸಿಯ ಹಿಂದೆ ಅವರ ಕೈ ಕಾಣುತ್ತಿತ್ತು.

ಕ್ರಿಸ್‌ಮಸ್ ರಜೆಯಲ್ಲಿ ನಾವೂ ಯೂಲೆಸ್‌ಗೆ ಹೋದೆವು. ದಾರಿಯುದ್ದಕ್ಕೂ ಜಡಿಮಳೆ, ಡಾಲಸ್ ಹತ್ತಿರವಾಗುತ್ತಿದ್ದಂತೆ ಅದು ಮಂಜುಗಡ್ಡೆಯ ಸಣ್ಣ ಹರಳುಗಳಾಗಿ ಗಾಜಿಗೆ ಬಡಿಯತೊಡಗಿತು. ಅರ್ಚನಾಳ ಮನೆಯ ಮೇಲೆ ಗಳಿಗೆಗೊಂದು ವಿಮಾನ ಇಳಿಯುತ್ತಿತ್ತು. ನಾನು ಅತ್ತೆಯನ್ನು ಮನೆಯೊಳಗೆಲ್ಲ ಹುಡುಕಿದೆ. "ಅಜ್ಜಿ ಈಸ್ ಇನ್ ದ ಆರ್‌ವಿ, ಚಿಕ್ಕಮ್ಮ. ಅಲ್ಲೇ ಇರ್ತಾರೆ ಯಾವಾಗಲೂ" ಎಂದಳು ಅರ್ಚನಾ.

ಮನೆಯ ಪಕ್ಕ ನಿಂತಿದ್ದ ಆರ್‌ವಿಯ ಬಾಗಿಲು ತಟ್ಟದೆ ತೆರೆದೆ. ಗ್ಯಾಸು, ಇಂಗು ಎರಡೂ ಬೆರೆತ ಬೆಚ್ಚನೆಯ ಗಾಳಿ ಮುಖಕ್ಕೆ ರಾಚಿತು. ಅತ್ತೆ ಸೀರೆಯ ಮೇಲೆ ಭಾವನ ಹಳೆಯ ಸ್ವೆಟರ್ ಹಾಕಿ, ಕಾಲಿಗೆ ಕೆಂಪು ಕಾಲುಚೀಲ ಏರಿಸಿ, ಮಡಚುವ ಮೇಜಿನ ಮುಂದೆ ಕೂತಿದ್ದರು. ಕೈಯಲ್ಲಿ ಇಸ್ಪೀಟು. ಎದುರಿಗೆ ಬೆಣ್ಣೆ ಹಚ್ಚಿದ ಬ್ರೆಡ್ಡಿನ ತಟ್ಟೆ. ಅಂಗಡಿಯ ಬ್ರೆಡ್ಡು! ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಪಕ್ಕದ ಆ ತೆಳ್ಳನೆಯ ಬಾಗಿಲು ಅರ್ಧ ತೆರೆದಿತ್ತು. ಅಕ್ಕ ಬೆಳಗಿನ ನೈಟಿಯಲ್ಲೇ ಸೌಟು ಹಿಡಿದಿದ್ದರು.

"ಬಂದೆಯಾ ಸುಮಾ? ಬಾ ಬಾ. ಇವಳು ಮೋಸದಾಟ ಆಡ್ತಾಳೆ, ನೋಡು" ಎಂದರು ಅತ್ತೆ, ಅಕ್ಕನ ಕಡೆ ಕೈತೋರಿಸಿ.

"ಅಮ್ಮನೇ ಎಲೆ ಸೆರಗಲ್ಲಿ ಮುಚ್ಚಿಟ್ಕೊಳ್ಳೋದು!" ಎಂದು ಅಕ್ಕ ನಕ್ಕರು. ನಗುತ್ತ ಬಗ್ಗಿ ಅತ್ತೆಯ ಕಾಲುಚೀಲ ಎಳೆದು ಸರಿಮಾಡಿದರು. ಸರಿಮಾಡಿದ ಅದೇ ಕೈಯಿಂದ ಸಾರಿಗೆ ಕೊತ್ತಂಬರಿ ಹಾಕಿದರು. ಅತ್ತೆ ನೋಡುತ್ತಿದ್ದರು. ನೋಡಿ, ಮುಂದಿನ ಎಲೆ ಇಳಿಸಿದರು.

ಆ ಸಾರನ್ನು ಅತ್ತೆ ಎರಡು ಸಲ ಹಾಕಿಸಿಕೊಂಡು ಉಂಡರು. ನಾನು ಮೇಜಿನ ಈಚೆ ಕೂತು, ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಉಗುರು ಕತ್ತರಿಸಿತ್ತು. ಅದನ್ನು ಪ್ರತಿ ವಾರ ನಾನು ಕತ್ತರಿಸುತ್ತಿದ್ದೆ, ಈಗ ಬೇರೆ ಯಾರೋ ಕತ್ತರಿಸಿದ್ದರು, ನನಗಿಂತ ನುಣುಪಾಗಿ. ನಾನು ಜೋಡಿಸಿದ್ದ ಬ್ಯಾಗು ಮೇಲಿನ ಕಪಾಟಿನಲ್ಲಿತ್ತು. ಮಡಿ ಸೀರೆ ಮಡಿಕೆ ಬಿಚ್ಚದೆ ಹಾಗೇ ಇತ್ತು.

ನನ್ನ ಒದ್ದೆ ತಲೆಯ ಬೆಳಗುಗಳು, ಕೊರೆಯುವ ಗರಾಜು, ಮಗು ಜ್ವರದಲ್ಲಿ ಅಳುತ್ತಿದ್ದಾಗಲೂ ಗೆರೆಯಾಚೆ ನಿಲ್ಲಿಸಿ "ಇನ್ನೊಂದು ನಿಮಿಷ ಪುಟ್ಟ" ಎಂದದ್ದು, ಎಲ್ಲವೂ ಒಟ್ಟಿಗೆ ನೆನಪಾಯಿತು. ಅಷ್ಟು ವರ್ಷ ನಾನು ನಡೆಸಿದ್ದನ್ನು ಈಕೆ ಒಂದು ನೈಟಿ, ಒಂದು ಇಸ್ಪೀಟು ಕಟ್ಟಿನಿಂದ ಹಾರಿಸಿಬಿಟ್ಟಿದ್ದರು. ಊಟ ಮುಗಿಸಿ ಇಳಿಯುವಾಗ ಅತ್ತೆ ಮೆಟ್ಟಿಲ ಬಳಿ "ಅಮ್ಮಾ" ಎಂದು ಮಂಡಿ ಹಿಡಿದುಕೊಂಡರು. ಭಾವ ಓಡಿ ಬಂದು ಕೈಕೊಟ್ಟರು. ಅದಕ್ಕೂ ನನಗೆ ಹೊಟ್ಟೆಯುರಿಯಿತು. ಕೈಕೊಡಬೇಕಿದ್ದವಳು ನಾನು.

ವಾಪಸು ಬರುವಾಗ ಮುರಳಿ, "ಅಮ್ಮ ಎಷ್ಟು ಲವಲವಿಕೆಯಿಂದ ಇದಾರೆ ಅಲ್ವಾ?" ಎಂದರು.

"ಹೌದು" ಎಂದೆ. ರೇಡಿಯೋದ ಸದ್ದು ಏರಿಸಿದೆ.

ಜನವರಿಯಲ್ಲಿ ನಮ್ಮ ಕಡೆ ಸೀಡರ್ ಮರಗಳು ಹಳದಿ ಪುಡಿ ಉದುರಿಸುತ್ತವೆ. ಕಾರು, ಕಿಟಕಿ, ಅಂಚೆಪೆಟ್ಟಿಗೆ ಎಲ್ಲದರ ಮೇಲೂ ಅರಿಶಿನ ಎರಚಿದ ಹಾಗೆ. ಊರಿಗೂರೇ ಸೀನುತ್ತದೆ. ನಾನು ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಮನೆಯಲ್ಲಿ ಒಬ್ಬಳೇ ಇರುತ್ತಿದ್ದೆ. ಕಣ್ಣು ಕೆಂಪಾದದ್ದಕ್ಕೆ ಒಳ್ಳೆಯ ನೆಪ ಸಿಕ್ಕಿತ್ತು. ವಿಚಿತ್ರವೆಂದರೆ ನಾನು ಮಡಿ ಬಿಡಲಿಲ್ಲ. ಯಾರಿಗಾಗಿ ಎಂದು ಕೇಳಿದರೆ ಉತ್ತರವಿರಲಿಲ್ಲ. ಹಗ್ಗದ ಅರ್ಧಕ್ಕೆ ನನ್ನದೊಂದು ಸೀರೆ ಹಾಕುತ್ತಿದ್ದೆ, ಹಿಂದಿನ ಎಡಗಡೆ ಒಲೆಯ ಮೇಲೆ ಒಂದು ಲೋಟ ಅನ್ನ ಇಡುತ್ತಿದ್ದೆ. ಮೇಘ ಗೆರೆಯಾಚೆ ನಿಂತು, "ಬಟ್ ಅಜ್ಜಿ ಈಸಂಟ್ ಹಿಯರ್" ಎನ್ನುತ್ತಿದ್ದಳು.

ಭಾನುವಾರಗಳಂದು ಭಾವ ಫೋನ್ ಮಾಡುತ್ತಿದ್ದರು. ಗಲ್ಫ್ ಕರಾವಳಿಯಿಂದ ಇನ್ನೂ ಕೆಳಗೆ, ಮೆಕ್ಸಿಕೊ ಗಡಿಯ ಹತ್ತಿರ, ಉತ್ತರದ ಚಳಿಗೆ ಹೆದರಿ ಬಂದ ಮುದುಕ ಮುದುಕಿಯರ ಆರ್‌ವಿಗಳೇ ನೂರಾರು ನಿಂತ ಬಯಲಂತೆ. ಕಿತ್ತಳೆ ಮರದ ನೆರಳಂತೆ. ಅತ್ತೆಗೆ ಐಯೋವಾದ ಒಬ್ಬ ಅಜ್ಜಿ ಗೆಳತಿಯಾಗಿದ್ದಾರಂತೆ. ಇಬ್ಬರೂ ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಅಂಕಿ ಹೊಡೆದು ಬಹುಮಾನ ಗೆಲ್ಲುವ ಬಿಂಗೋ ಆಡುತ್ತಾರಂತೆ.

"ಅತ್ತೆ, ಊಟ ಸರಿಯಾಗಿ ಆಗ್ತಿದೆಯಾ?" ಎಂದು ನಾನು ಕೇಳುತ್ತಿದ್ದೆ.

"ಆಗತ್ತೆ ಕಣೆ. ಇವಳು ಏನೋ ಒಂದು ಮಾಡ್ತಾಳೆ."

"ಮಂಡಿ?"

"ಅದೊಂದು ಬೇಸರ. ಈ ಬಂಡಿ ಮೆಟ್ಟಿಲು ಎತ್ತರ. ಶ್ರೀಪತಿ ಒಂದು ಸ್ಟೂಲ್ ಮಾಡಿಸಿದಾನೆ. ಮೇಘ ಎಲ್ಲಿ? ಫೋನ್ ಕೊಡು."

ಅಷ್ಟೇ. ನೀನು ಹೇಗಿದ್ದೀಯ, ನಿನಗೆ ಸೀನು ಹೇಗಿದೆ ಎಂಬ ಒಂದು ಮಾತಿಲ್ಲ. ನಾನು ಫೋನನ್ನು ಮಗಳಿಗೆ ಕೊಟ್ಟು, ಕಿವಿ ಮಾತ್ರ ಅಲ್ಲೇ ಇಟ್ಟುಕೊಳ್ಳುತ್ತಿದ್ದೆ. ಅತ್ತ ಕಡೆಯಿಂದ ನಗು, ಪಾತ್ರೆಯ ಸದ್ದು, ಅಕ್ಕನ ದನಿ. ಒಮ್ಮೆ ಗಿರಿಜಾಳ ಮುಂದೆ ತಡೆಯಲಾರದೆ, "ಅಲ್ಲಿ ಕಕ್ಕಸಿನ ಪಕ್ಕ ಮಾಡಿದ ಅಡುಗೆ ಊಟ ಮಾಡ್ತಾರೆ ಗಿರಿಜಾ" ಎಂದುಬಿಟ್ಟೆ.

ಗಿರಿಜಾ ಬಿದ್ದು ಬಿದ್ದು ನಕ್ಕಳು. "ಹೋಗ್ಲಿ ಬಿಡ್ರಿ, ನಮ್ಮ ಮನಿಗಂತೂ ಇನ್ನೂ ಬಂದಿಲ್ಲ. ಮ್ಯಾಲೆ ಎಷ್ಟು ಚೆಂದ ದೇವರ ಖೋಲಿ ಮಾಡಿಸೀನಿ, ಬರ್ರಿ ಅಮ್ಮಾ ನೋಡಾಕ ಅಂದ್ರ, ಮಂಡಿ ಮಂಡಿ ಅಂತಾರ. ಆ ಬಸ್ ಏರಾಕ ಮಂಡಿ ಬೇಕಾಗಿಲ್ಲೇನ?"

ಅವಳು ನಗೆಗೆ ಅಂದದ್ದು. ನನಗೆ ಚುಚ್ಚಿತು. ಹೌದಲ್ಲ, ಮನಸ್ಸಿದ್ದರೆ ಮಂಡಿಯೂ ಹತ್ತುತ್ತದೆ.

ಹಾಗಾಗಿ ಫೆಬ್ರವರಿಯ ಆ ಮಧ್ಯಾಹ್ನ ಆರ್‌ವಿ ನಮ್ಮ ಡ್ರೈವ್‌ವೇಯಲ್ಲಿ ಬಂದು ನಿಂತಾಗ ನಾನು ಮಡಿಯಲ್ಲಿದ್ದೆನೆಂಬ ನೆಪದಿಂದ ಬಾಗಿಲಿಗೆ ಹೋಗಲಿಲ್ಲ. ಅರ್ಧ ದಿನ ರಜೆ ಹಾಕಿದ್ದ ಮುರಳಿ ಹೋದರು. ಅತ್ತೆ ಒಳಗೆ ಬಂದರು, ಬಿಸಿಲಿಗೆ ಕಪ್ಪಾಗಿದ್ದರು, ಮುಖ ತುಂಬಿಕೊಂಡಿತ್ತು. ಕಾಲಲ್ಲಿ ಬಿಳಿಯ ಕ್ಯಾನ್ವಾಸ್ ಶೂ. ನೇರವಾಗಿ ಕಾರ್ಪೆಟ್ ಮುಗಿಯುವ ಗೆರೆಯವರೆಗೆ ಬಂದು, ಮೇಘ ನಿಲ್ಲುವ ಜಾಗದಲ್ಲೇ ನಿಂತು, "ಇದು ನಿನಗೆ. ಬಿಂಗೋದಲ್ಲಿ ಗೆದ್ದೆ" ಎಂದು ಒಂದು ಏಪ್ರನ್ ಬಿಡಿಸಿ ತೋರಿಸಿದರು. ಅದರ ಮೇಲೆ ದೊಡ್ಡ ಕೆಂಪಕ್ಷರದಲ್ಲಿ ಅಡುಗೆಯವರಿಗೆ ಮುತ್ತು ಕೊಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಹಿಂದಿನಿಂದ ಪ್ರಮೀಳಾ ಅಕ್ಕ ಕಿಸಕ್ಕನೆ ನಕ್ಕರು. "ಬೇಡ ಅಮ್ಮ ಅಂದೆ ಸುಮಾ. ಇದೇ ಬೇಕು, ಸುಮಾಗೆ ಒಪ್ಪುತ್ತೆ ಅಂತ ಹಠ ಹಿಡಿದ್ರು."

"ಯಾಕೆ, ಏನು ಬರೆದಿದೆ?" ಎಂದರು ಅತ್ತೆ.

"ಅಡುಗೆ ಚೆನ್ನಾಗಿರತ್ತೆ ಅಂತ ಬರೆದಿದೆ" ಎಂದೆ ನಾನು. ಮುಟ್ಟುವ ಹಾಗಿರಲಿಲ್ಲ, ಹಾಗಾಗಿ ಏಪ್ರನ್ ಸೋಫಾದ ಮೇಲೆ ಬಿತ್ತು. ಅವರಿಬ್ಬರೂ ಸೇರಿ ನನ್ನನ್ನು ನೋಡಿ ನಕ್ಕ ಹಾಗೆ ನನಗೆ ಅನ್ನಿಸಿತು.

ಅತ್ತೆ ನೇರ ಬಚ್ಚಲಿಗೆ ಹೋದರು. ನೀರಿನ ಸದ್ದು ನಿಂತ ಮೇಲೆ ಬಾಗಿಲ ಸಂದಿನಿಂದ ಕೂಗಿದರು: "ಸುಮಾ, ನನ್ನ ಮಡಿ ಸೀರೆ ಒಣಗಿದೆಯೇನೆ?"

ಕೋಲಿನ ತುದಿಯಲ್ಲಿ ಸೀರೆ ತೂಗಿಸಿಕೊಂಡು ಹೋದೆ. ಕೊಡುವಾಗ ತಡೆಯಲಾಗಲಿಲ್ಲ. ಕಾನ್ವೆಂಟ್ ಅಷ್ಟೂ ವರ್ಷ ಕಲಿಸಿದ್ದು ಆ ಒಂದು ಕ್ಷಣ ಎಲ್ಲಿ ಹೋಯಿತೋ.

"ಅಲ್ಲಿ ಏನೂ ಬೇಕಿರಲಿಲ್ಲ. ಇಲ್ಲಿಗೆ ಬಂದ ತಕ್ಷಣ ಮಡಿ ಬೇಕಾಯ್ತಾ ಅತ್ತೆ?"

ಸೀರೆ ಕೋಲಿನಿಂದ ಜಾರಿತು. "ಅದು ರಜಾ ಕಣೆ" ಎಂದರು ಒಳಗಿನಿಂದ. "ರಜಾದಲ್ಲಿ ಯಾರಾದರೂ ಶಾಲೆಗೆ ಹೋಗ್ತಾರಾ?"

ಹಾಗಾದರೆ ನನ್ನ ಮನೆ ಶಾಲೆ! ಅವರ ಹತ್ತಿರ ಬಿಸಿಲು, ಇಸ್ಪೀಟು, ಕಿತ್ತಳೆ ನೆರಳು. ನನ್ನ ಹತ್ತಿರ ನೇಮ, ನಿಷ್ಠೆ, ಹಾಜರಿ. ಬಡಿಸುವಾಗ ನನ್ನ ಕೈಯ ಸೌಟು ಪಾತ್ರೆಗೆ ಬೇಕಾದ್ದಕ್ಕಿಂತ ಜೋರಾಗಿ ತಾಗುತ್ತಿತ್ತು. ಅತ್ತೆ ಎಂದಿನ ಜಾಗದಲ್ಲಿ ಕೂತು, ಹುಳಿಯನ್ನ ಕಲಸಿ, ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿದರು. ಅದನ್ನೂ ನೋಡಿದೆ. ಆದರೆ ಅಂದು ನೋಡಿದ್ದೆಲ್ಲ ನನಗೆ ಹುಳಿಯಾಗಿಯೇ ಕಾಣುತ್ತಿತ್ತು.

ಎಲ್ಲರ ಊಟವಾದ ಮೇಲೆ ಭಾವ ಗಂಟಲು ಸರಿಮಾಡಿಕೊಂಡರು.

"ಅಮ್ಮ, ಮಾರ್ಚಿಗೆ ಅರಿಜೋನಾ, ಬೇಸಿಗೆಗೆ ಮೇಲೆ ಬೆಟ್ಟಗಳ ಕಡೆ. ನೀನು ಇನ್ನು ನಮ್ಮ ಜೊತೆಯೇ ಇದ್ದುಬಿಡು. ಬೇಜಾರಾದಾಗ ಯೂಲೆಸ್‌ನಲ್ಲಿ ಅರ್ಚನಾ ಇದಾಳೆ. ಪಾಪ, ಸುಮಾಗೂ ಎಷ್ಟು ವರ್ಷದ ಕೆಲಸ, ಸ್ವಲ್ಪ ರೆಸ್ಟ್ ಸಿಗಲಿ."

"ಹೌದು ಅಮ್ಮ" ಎಂದರು ಅಕ್ಕ. ಅವರ ದನಿಯಲ್ಲಿ ನಾಟಕವಿರಲಿಲ್ಲ. ನಿಜಕ್ಕೂ ಅತ್ತೆ ಬೇಕಾಗಿದ್ದರು ಅವರಿಗೆ. ಅದೇ ನನಗೆ ಸಹಿಸಲಾಗದೆ ಹೋದದ್ದು.

ಅತ್ತೆ ಲೋಟದ ಮಜ್ಜಿಗೆ ಮುಗಿಸಿ ನನ್ನ ಕಡೆ ತಿರುಗಿದರು. "ನೀನೇನಂತೀಯ ಸುಮಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮತ್ತೆ ಅದೇ ತಟ್ಟೆ, ಅದೇ ಕೊನೆಯ ಬಿಸ್ಕತ್ತು. ಬೇಕು ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು, ಅಲ್ಲೇ ನಿಂತಿತು. "ನಿಮ್ಮಿಷ್ಟ ಅತ್ತೆ" ಎಂದೆ. ಹೇಳಿ, ತಟ್ಟೆಗಳನ್ನು ಎತ್ತುವ ನೆವದಲ್ಲಿ ಬೆನ್ನು ತಿರುಗಿಸಿದೆ.

"ನನ್ನ ಇಷ್ಟ ಕಟ್ಟಿಕೊಂಡು ಏನು ಮಾಡ್ತೀರಿ?" ಬೆನ್ನ ಹಿಂದೆ ಅತ್ತೆಯ ದನಿ ಕೇಳಿಸಿತು. "ನನ್ನ ಮಂಡಿ ಒಪ್ಪಬೇಕಲ್ಲ. ಆ ಬಂಡಿ ಮೆಟ್ಟಿಲು ಹತ್ತಿಳಿದು ಸವೆದೇಹೋಗಿದೆ ಶ್ರೀಪತಿ. ಇನ್ನು ನನ್ನ ಕೈಲಾಗಲ್ಲಪ್ಪ. ನೆಲದ ಮೇಲಿರೋ ಮನೆಯೇ ಸರಿ ನನಗೆ."

"ಸ್ಟೂಲ್ ಮಾಡಿಸಿದೀವಲ್ಲ ಅಮ್ಮ" ಎಂದರು ಅಕ್ಕ.

"ಸ್ಟೂಲ್ ಹತ್ತೋಕೂ ಮಂಡಿನೇ ಬೇಕಲ್ಲೇ ಹುಚ್ಚಿ."

ಮುರಳಿ ನಕ್ಕರು. ಭಾವ ನಗಲಿಲ್ಲ. ಎದ್ದು ಹೋಗಿ ಆ ಸ್ಟೂಲನ್ನು ತಂದು ನಮ್ಮ ಗರಾಜಿನಲ್ಲಿಟ್ಟರು, "ಬಚ್ಚಲಲ್ಲಿ ಕೂರೋಕಾದ್ರೂ ಆಗುತ್ತೆ" ಎಂದು. ಅಕ್ಕ ಹೊರಡುವಾಗ ಅತ್ತೆಯ ಕೆಂಪು ಕಾಲುಚೀಲಗಳನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ಬೆಳಗ್ಗೆ ಹೊತ್ತು ಇವರ ಪಾದ ತಣ್ಣಗಾಗುತ್ತೆ, ನೋಡ್ಕೋ" ಎಂದರು. ಅದು ನನಗೆ ಗೊತ್ತಿರಲಿಲ್ಲ. ಮಡಿಯಲ್ಲಿ ನಾನು ಅವರ ಪಾದ ಮುಟ್ಟಿದ್ದಾದರೂ ಯಾವಾಗ? ಆ ಕಾಲುಚೀಲ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಆರ್‌ವಿ ಹಿಂದೆ ಸರಿದು, ಪೀಕಾನ್ ಮರ ಸವರಿ, ಬೀದಿಯ ತಿರುವಿನಲ್ಲಿ ಮರೆಯಾಯಿತು.

ಮುರಳಿ ಆಫೀಸಿಗೆ ಹೋದರು. ಗೆದ್ದ ಖುಷಿ ಆಗಬೇಕಿತ್ತು ನನಗೆ. ಅತ್ತೆ ಉಳಿದರು. ಆದರೆ ಉಳಿಸಿದ್ದು ಮಂಡಿ, ನಾನಲ್ಲ. ಕಾಲು ಚೆನ್ನಾಗಿದ್ದಿದ್ದರೆ ಈ ಹೊತ್ತಿಗೆ ಅವರು ತುಳಸಿಯ ಎದುರು ಕೂತು ಹೆದ್ದಾರಿಯಲ್ಲಿ ಸಾಗುತ್ತಿದ್ದರು. ಪ್ರಮೀಳಾ ಅಕ್ಕನ ಮೇಲೆ ಹೊಟ್ಟೆಕಿಚ್ಚುಪಟ್ಟದ್ದು ಸಾಲದು ಎಂಬಂತೆ, ಈಗ ಒಂದು ಮುದಿ ಮಂಡಿಯ ಮೇಲೆ ಹೊಟ್ಟೆಕಿಚ್ಚುಪಡುವ ಹಣೆಬರಹ ನನ್ನದಾಗಿತ್ತು. ಅತ್ತೆಯನ್ನು ಸೋಫಾದ ಮೇಲೆ ಕೂರಿಸಿ, ಕಾಲಡಿಗೆ ದಿಂಬಿಟ್ಟು, ಬಿಸಿನೀರಿನ ಚೀಲ ಕಟ್ಟಿ, "ಏಳಬೇಡಿ, ಬಂದುಬಿಡ್ತೀನಿ" ಎಂದು ಹೇಳಿ ಹೊರಟೆ. ಮೇಘಳನ್ನು ಶಾಲೆಯಿಂದ ಕರೆದುಕೊಂಡು, ರೌಂಡ್ ರಾಕ್‌ನಲ್ಲಿ ತರಕಾರಿ ಮುಗಿಸಿ, ಅವಳ ಪಿಯಾನೋ ಕ್ಲಾಸಿನ ಹೊರಗೆ ಕಾರಿನಲ್ಲಿ ಕೂತು, ಆ ಒಂದು ಯೋಚನೆಯನ್ನೇ ಉಂಡೆ ಕಟ್ಟುತ್ತಿದ್ದೆ.

ಮನೆಗೆ ಬಂದಾಗ ಬೆಳಕು ಇಳಿಯುತ್ತಿತ್ತು. ತಂತಿಗಳ ಮೇಲೆ ಕಪ್ಪು ಗ್ರ್ಯಾಕಲ್ ಹಕ್ಕಿಗಳು ಸಾಲುಗಟ್ಟಿ ಕಿರುಚುತ್ತಿದ್ದವು. ಅತ್ತೆ ನಾನು ಬಿಟ್ಟುಹೋದ ಹಾಗೇ ಕೂತಿದ್ದರು, ಕಾಲು ದಿಂಬಿನ ಮೇಲೆ, ಚೀಲ ಮಂಡಿಯ ಮೇಲೆ. ಚೀಲ ಮುಟ್ಟಿ ನೋಡಿದೆ, ತಣ್ಣಗಾಗಿತ್ತು.

"ನೋವು ಹೇಗಿದೆ ಅತ್ತೆ?"

"ಇದ್ದೇ ಇದೆ. ನಾಳೆಗೆ ಸೀರೆ ನೆನೆಸಿದೀಯೇನೆ? ಮರೆತುಬಿಟ್ಟೀಯ" ಎಂದು ಅವರು ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು. ಪಕ್ಕದಲ್ಲಿ ಬಿಂಗೋ ಏಪ್ರನ್ ನಾಲ್ಕು ಮಡಿಕೆಯಾಗಿ ಕೂತಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಗಿರಿಜಾ, ಕೈಯಲ್ಲಿ ನಮ್ಮ ಮನೆಯ ಖಾಲಿ ಸ್ಟೀಲ್ ಡಬ್ಬಿ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಒಲೆಯ ಮೇಲೆ ಪಲ್ಯ ಇಟ್ಟು ಬಂದಿದ್ದಳಂತೆ. ಡಬ್ಬಿ ನನ್ನ ಕೈಗಿಟ್ಟು, ಅರ್ಧ ತಿರುಗಿ, ಸೋಫಾದ ಕಡೆ ಒಮ್ಮೆ ಹಣಕಿ ನಕ್ಕಳು.

"ನಿಮ್ಮ ಅತ್ತಿಯವರ ಮಂಡಿ ಭಾಳ ಗಟ್ಟಿ ಬಿಡ್ರಿ ಸುಮಾ. ಮಧ್ಯಾಹ್ನ ನೀವು ಹೊರಗ ಹೋದ ಮ್ಯಾಲೆ ಬಂದಿದ್ರು. ನಾ ಲೈಟ್ ಹಾಕೋದ್ರಾಗ ಮ್ಯಾಲಿನ ದೇವರ ಖೋಲಿಗೆ ದಡದಡ ಏರಿ ಹೋಗಿ ಕುಂತಿದ್ರು ನೋಡ್ರಿ, ನಾನ ಹಿಂದ ಉಳದೆ!"